ಶಸ್ತ್ರಚಿಕಿತ್ಸೆಯ ಅನಂತರ ಕೈಯೆತ್ತುವ ಧೈರ್ಯ

(ಚಂದ್ರವಳ್ಳಿಯಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಸ್ತನದ ಅರ್ಬುದ, ಎಂದರೆ ಕ್ಯಾನ್ಸರ್ ವ್ಯಾಧಿಯ ಮಾತನ್ನು ಸಭೆಯಲ್ಲಿ ಎತ್ತುವುದಕ್ಕೆ ನಮ್ಮಲ್ಲಿ ಸಂಕೋಚವುಂಟು. ಆದರೆ ಭಾರತದ ಸ್ತ್ರೀಯರಿಗೆ ಬರುವ ಅರ್ಬುದಗಳಲ್ಲಿ ಇದೇ ಈಗ ಮೊದಲನೆಯದು. 2022ನೆಯ ಇಸವಿಯೊಂದರಲ್ಲಿಯೇ ಸುಮಾರು 1,92,000 ಮಂದಿಗೆ ಇದು ಹೊಸದಾಗಿ ಕಂಡುಬಂದಿತೆಂದು ಅಂದಾಜು ಮಾಡಿದ್ದಾರೆ. ಆದಕಾರಣ ಸಂಕೋಚವನ್ನು ಬದಿಗಿರಿಸಿ, ಗಡ್ಡೆಯನ್ನು ತೆಗೆದ ಮೇಲೆ ರೋಗಿಯ ಜೊತೆಯಲ್ಲಿಯೇ ಮನೆಗೆ ಬರುವ ಒಂದು ಭಯದ ವಿಚಾರವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡುವೆನು.

ನಮ್ಮ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಎಷ್ಟೋ ಮಂದಿ ತಾಯಂದಿರು ಈ ಚಿಕಿತ್ಸೆಗಾಗಿ ಸುಮಾರು 200 ಕಿಲೋಮೀಟರು ದೂರದ ಬೆಂಗಳೂರಿಗೆ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಯಂಥ ಸ್ಥಳಗಳಿಗೆ ಹೋಗುವರು. ಶಸ್ತ್ರಚಿಕಿತ್ಸೆಯಾದ ಕೆಲವು ದಿವಸಗಳಲ್ಲಿ ಊರಿಗೆ ಮರಳುವರು. ಗಾಯ ಮಾಯುತ್ತದೆ. ಆದರೆ ಕೈ ಎದೆಗೆ ಅಂಟಿಕೊಂಡಂತೆ ನಿಂತುಬಿಡುತ್ತದೆ. "ಕೈ ಅಲ್ಲಾಡಿಸಬೇಡ ಕಣವ್ವ, ಹೊಲಿಗೆ ಬಿಟ್ಟೀತು" ಎಂದು ಅತ್ತೆ ಎಚ್ಚರಿಸುವಳು. ಮಗಳು ಕೊಡವನ್ನು ಕಸಿದುಕೊಳ್ಳುವಳು. ಸೊಸೆ ಮುದ್ದೆಯ ಕೋಲನ್ನು ಮುಟ್ಟಗೊಡಳು. ಇದೆಲ್ಲವೂ ಅಂತಃಕರಣದ ಮಾತೇ. ಆದರೆ ಹೀಗೆ ಕೆಲವು ವಾರಗಳು ಕಳೆದರೆ ಬಾಚಣಿಗೆ ತಲೆಗೆ ಎಟುಕದು, ಸೆರಗನ್ನು ಹೆಗಲಿಗೇರಿಸಲು ಇನ್ನೊಬ್ಬರು ಬೇಕು. ಎಡಗಡೆ ಶಸ್ತ್ರಚಿಕಿತ್ಸೆಯಾದವಳಿಗೆ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಕಣ್ಣಿನ ಮಟ್ಟಕ್ಕೆ ಎತ್ತುವುದೇ ಕಷ್ಟವಾಗುವುದು. ವ್ಯಾಧಿಯಿಂದ ಉಳಿಸಿಕೊಂಡ ದೇಹದಲ್ಲಿ ಒಂದು ಅಂಗವನ್ನು ನಾವು ಭಯಕ್ಕೆ ಒಪ್ಪಿಸಿದಂತಾಯಿತು.

ದೀರ್ಘಕಾಲದ ನೋವಿನಿಂದ ಬಳಲುವವರಲ್ಲಿ ಈ ಭಯವನ್ನು ಗುರುತಿಸಿ, 1990ರಲ್ಲಿ ಕೋರಿ, ಮಿಲ್ಲರ್, ಟಾಡ್ ಎಂಬ ವಿದ್ವಾಂಸರು ಕೈನೀಸಿಯೋಫೋಬಿಯಾ ಎಂದು ಹೆಸರಿಟ್ಟರು. ನಾವು ಚಲನಭೀತಿಯೆನ್ನಬಹುದು. ಇದನ್ನು ಅಳೆಯಲು 17 ಹೇಳಿಕೆಗಳ ಒಂದು ಪಟ್ಟಿಯೂ ಉಂಟು. ಇದರ ಗತಿ ಗಾಣದೆತ್ತಿನಂತೆ ಸುತ್ತುವುದು: ನೋವಿನಿಂದ ಭಯ, ಭಯದಿಂದ ಕೈಯನ್ನು ಬಳಸದಿರುವಿಕೆ, ಅದರಿಂದ ಕೀಲಿನ ಬಿಗಿತ, ಬಿಗಿತದಿಂದ ಮತ್ತಷ್ಟು ನೋವು. ಕಂಕುಳಿನಿಂದ ಮೊಣಕೈಯ ಕಡೆಗೆ ದಾರದಂತೆ ಬಿಗಿದ ಎಳೆಗಳು ಕೆಲವರಲ್ಲಿ ಕಾಣುವುವು. ನರವೇ ಹರಿಯುವುದೆಂದು ಅವರು ಹೆದರುವರು. ಕ್ರಮವಾಗಿ ಕೈಯನ್ನು ಚಾಚುತ್ತ ಬಂದರೆ ಸಾಮಾನ್ಯವಾಗಿ ಅವು ಸಡಿಲವಾಗುವುವು.

ಈ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳತಕ್ಕದ್ದಲ್ಲ. ಈ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನು ಕೆರೆಯನ್ನು ಕಟ್ಟಿಸಿದನೆಂದು ಇಲ್ಲಿಯ ಬಂಡೆಯ ಶಾಸನವು ಸಾರುತ್ತಿದೆ. ಕೆರೆಯ ನೀರಿಗೆ ತೂಬು ಕಾಲುವೆಗಳಿರುವಂತೆ, ನಮ್ಮ ತೋಳಿನಲ್ಲಿಯೂ ರಕ್ತದಿಂದ ಬೇರೆಯಾದ ಒಂದು ತಿಳಿನೀರು ಸಣ್ಣ ನಾಳಗಳಲ್ಲಿ ಹರಿದು ಕಂಕುಳಿನ ಗ್ರಂಥಿಗಳನ್ನು ಸೇರುವುದು. ಅರ್ಬುದದೊಡನೆ ಆ ಗ್ರಂಥಿಗಳನ್ನು ಪೂರ್ತಿಯಾಗಿ ತೆಗೆದವರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ ತೋಳು ಬಾತುಕೊಳ್ಳುವುದು. ಒಂದೆರಡನ್ನು ಮಾತ್ರ ತೆಗೆದು ಪರೀಕ್ಷಿಸಿದವರಲ್ಲಿ ಸುಮಾರು 20ರಲ್ಲಿ ಒಬ್ಬರಿಗೆ. ಕೈಯನ್ನು ಆಡಿಸಿದರೆ ಬಾವು ಬರುವುದೆಂದು ಜನರು ತಿಳಿದರು. ಹಿಂದೆ ವೈದ್ಯರು ಸಹ ಭಾರ ಎತ್ತಬೇಡಿರೆಂದೇ ವಿಧಿಸುತ್ತಿದ್ದರು. ವಿಷಯವು ಇದಕ್ಕೆ ವಿಪರೀತವಾಗಿದೆ. ತೋಳಿನ ಮಾಂಸಖಂಡಗಳು ಕುಗ್ಗಿ ಹಿಗ್ಗುವಾಗಲೇ ಆ ನೀರು ಮುಂದಕ್ಕೆ ನೂಕಲ್ಪಟ್ಟು, ಉಳಿದ ಕಿರುಗಾಲುವೆಗಳ ಮೂಲಕ ದಾರಿ ಮಾಡಿಕೊಳ್ಳುವುದು.

ಇದು ಬರಿಯ ತರ್ಕವಲ್ಲ. 2009ರಲ್ಲಿ ಅಮೆರಿಕಾ ದೇಶದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ತೋಳು ಆಗಲೇ ಬಾತಿದ್ದ 141 ಮಂದಿ ಸ್ತ್ರೀಯರನ್ನು ಸೇರಿಸಿಕೊಂಡರು. ಅರ್ಧದಷ್ಟು ಮಂದಿ ಬಿಗಿಯಾದ ತೋಳುಪಟ್ಟಿಯನ್ನು ಧರಿಸಿ, ವಾರಕ್ಕೆ ಎರಡು ಸಾರಿ, ಬಲ್ಲವರ ಕೈಕೆಳಗೆ, ಸ್ವಲ್ಪಸ್ವಲ್ಪವಾಗಿ ಭಾರವನ್ನು ಹೆಚ್ಚಿಸುತ್ತ ಎತ್ತಿದರು. ಒಂದು ವರುಷದಲ್ಲಿ ಬಾವು ಉಲ್ಬಣಿಸಿದುದು ಅವರಲ್ಲಿ ನೂರಕ್ಕೆ 14 ಮಂದಿಗೆ. ಎತ್ತದಿದ್ದವರಲ್ಲಿ ನೂರಕ್ಕೆ 29 ಮಂದಿಗೆ. 2021ರಲ್ಲಿ ಇಂಗ್ಲೆಂಡಿನ ವೈದ್ಯರು ಭುಜಕ್ಕೆ ತೊಂದರೆಯಾಗುವ ಸಂಭವ ಹೆಚ್ಚಾಗಿದ್ದ 392 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಾದ 7ರಿಂದ 10 ದಿವಸಗಳಲ್ಲಿ ಫಿಜಿಯೋಥೆರಪಿ ತಜ್ಞರಿಂದ ವ್ಯಾಯಾಮವನ್ನು ಕಲಿತವರ ಕೈ ವರುಷಾಂತ್ಯದಲ್ಲಿ ಹೆಚ್ಚು ಸ್ವಾಧೀನದಲ್ಲಿತ್ತು, ನೋವು ಕಡಮೆಯಾಗಿತ್ತು, ಗಾಯಕ್ಕೆ ಹೆಚ್ಚಿನ ಬಾಧೆಯೇನೂ ಬರಲಿಲ್ಲ.

ಫಿಜಿಯೋಥೆರಪಿ ತಜ್ಞರ ಮೊದಲನೆಯ ಮದ್ದು ತಿಳಿವಳಿಕೆ. ಎಳೆದಂತಾಗುವುದು ಬೇರೆ, ಗಾಯ ಬಿಚ್ಚುವುದು ಬೇರೆಯೆಂದು ಅವರು ಮನದಟ್ಟು ಮಾಡುವರು. ಮರುದಿವಸದಿಂದಲೇ ಮುಷ್ಟಿಯನ್ನು ಬಿಗಿದು ಬಿಡುವುದು, ಮೊಣಕೈಯನ್ನು ಮಡಿಸುವುದು ಸಾಮಾನ್ಯ ಪದ್ಧತಿ. ನೀರಿಳಿಯುವ ನಳಿಕೆಯಿರುವವರೆಗೆ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆತ್ತರು. ಅನಂತರ ವೈದ್ಯರ ಅನುಮತಿಯಂತೆ, ಅಂಗಾತ ಮಲಗಿ ಎರಡು ಕೈಗಳಿಂದ ಕೋಲನ್ನು ಹಿಡಿದು ತಲೆಯ ಕಡೆಗೆ ಒಯ್ಯುವುದು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸಿ, ಮುಟ್ಟಿದ ಎತ್ತರಕ್ಕೆ ಸೀಮೆಸುಣ್ಣದ ಗೀಟು ಎಳೆಯುವುದು. ಆಮೇಲೆ ಅಲ್ಪ ಭಯದ ಕೆಲಸದಿಂದ ಹೆಚ್ಚು ಭಯದ ಕೆಲಸಕ್ಕೆ ನಡೆಸುವರು: ತಲೆ ಬಾಚುವುದು, ಬಟ್ಟೆ ಹರವುವುದು, ಮುದ್ದೆ ತಿರುವುವುದು, ಕಡೆಗೆ ಕೊಡ ಎತ್ತುವುದು. ಒಂದೊಂದು ಕೆಲಸವೂ ಕೈಗೂಡಿದಂತೆಲ್ಲ ಭಯವು ಒಂದೊಂದು ಹೆಜ್ಜೆ ಹಿಂದೆಗೆಯುವುದು. ಕಿರಣಚಿಕಿತ್ಸೆ ಬೇಕಾದವರು ತೋಳನ್ನು ತಲೆಯ ಮೇಲೆ ಚಾಚಿ ಮಲಗಬೇಕಾಗುವುದು. ಕೈ ಏಳದಿದ್ದರೆ ಆ ಚಿಕಿತ್ಸೆಯೇ ತಡವಾದೀತು. ಆದುದರಿಂದ ವ್ಯಾಯಾಮವು ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಎಚ್ಚರಿಕೆಯೂ ಬೇಕು. ತೋಳು ಹಠಾತ್ತಾಗಿ ಬಾತುಕೊಂಡರೆ, ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ವ್ಯಾಯಾಮವನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಸ್ತನವನ್ನು ಮರಳಿ ರೂಪಿಸುವ ಶಸ್ತ್ರಚಿಕಿತ್ಸೆಯಾದವರ ಕ್ರಮವೇ ಬೇರೆ. ಅದನ್ನು ಶಸ್ತ್ರವೈದ್ಯರಿಂದಲೇ ಕೇಳಿ ತಿಳಿಯಬೇಕು.

ಮಹನೀಯರೇ, ಊರಿಗೆ ಮರಳಿದ ತಾಯಿಯ ಬಳಿಯಲ್ಲಿ ದಿನವೂ ತಜ್ಞರಿರಲಾರರು, ಇರುವವರು ನಾವು. ಆಸ್ಪತ್ರೆಯಿಂದ ಹೊರಡುವ ಮುನ್ನ "ಯಾವ ವ್ಯಾಯಾಮ, ಎಷ್ಟು ಸಾರಿ, ಎಂದಿನಿಂದ" ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಿರಿ. ಮನೆಗೆ ಬಂದ ಮೇಲೆ ಅವಳ ಕೆಲಸವನ್ನೆಲ್ಲ ಕಸಿದುಕೊಳ್ಳದೆ, ಅವಳ ಶಕ್ತಿಗೆ ತಕ್ಕಷ್ಟನ್ನು ಅವಳಿಗೆ ಬಿಡಿರಿ. "ಅಲ್ಲಾಡಿಸಬೇಡ" ಎಂಬ ಮಾತಿಗೆ ಬದಲಾಗಿ "ಇವತ್ತು ಗೀಟು ಎಲ್ಲಿಗೆ ಬಂತವ್ವ?" ಎಂದು ಕೇಳಿರಿ. ಭಯವನ್ನು ಕಲಿಸಿದ ಮನೆಯೇ ಧೈರ್ಯವನ್ನೂ ಕಲಿಸಬಲ್ಲುದು. ನೊಂದ ತಾಯಂದಿರೆಲ್ಲರ ಕೈಗಳೂ ಮತ್ತೆ ನಿರ್ಭಯವಾಗಿ ಮೇಲೇಳಲೆಂದು ಪ್ರಾರ್ಥಿಸುವೆನು.