ಎಣ್ಣೆಯಲ್ಲಿ ಬೆರೆತ ನೀರು

ಗೋವಿನಕೋವಿಯಲ್ಲಿ ತುಂಗಭದ್ರೆಯ ನೀರೆತ್ತುವ ನಮ್ಮ ಹಳೆಯ ಡೀಸೆಲ್ ಪಂಪ್‌ಸೆಟ್ಟಿನ ಅಳತೆಕಡ್ಡಿಯನ್ನು ಒಂದು ಮುಂಜಾನೆ ಎಳೆದು ನೋಡಿದೆ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಮಟ್ಟವೂ ಏರಿತ್ತು. ಗದ್ದೆಯಲ್ಲಿ ಪೈರು ನೀರಿಗಾಗಿ ಕಾದಿತ್ತು. ಎಣ್ಣೆ ಬದಲಿಸಿ ಎಂಜಿನ್ ಓಡಿಸುವ ಆತುರ ನನ್ನದು.

"ಮೊದಲು ನೀರು ಬಂದ ದಾರಿ ನೋಡ್ರಿ" ಎಂದರು ಮೇಸ್ತ್ರಿ. ಕಾದ ತಗಡಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟರು, ಚಟಚಟನೆ ಸಿಡಿಯಿತು. ತಳದ ತಿರುಪನ್ನು ಸಡಿಲಿಸಿದರು; ರಾತ್ರಿಯೆಲ್ಲ ಕೆಳಗಿಳಿದಿದ್ದ ನೀರೇ ಮೊದಲು ಹೊರಬಂತು.

ಮಳೆಗಾಲದಲ್ಲಿ ಎಂಜಿನ್ನನ್ನು ತುಸು ಹೊತ್ತು ಮಾತ್ರ ಓಡಿಸುತ್ತಿದ್ದರೆ ಒಳಗಿನ ಆವಿ ತಣಿದು ಸ್ವಲ್ಪ ನೀರಾಗುವುದುಂಟು. ಆದರೆ ಎಣ್ಣೆಯ ಮಟ್ಟವೇ ಏರಿದರೆ, ಎಂಜಿನ್ನನ್ನು ತಂಪುಗೊಳಿಸುವ ನೀರು ಒಳಗೆ ಸೋರುತ್ತಿದೆಯೆಂದು ಶಂಕಿಸಬೇಕು. ರೇಡಿಯೇಟರ್ ಇದ್ದಲ್ಲಿ ಅದರ ನೀರು ತಗ್ಗಿ ಸುಳಿವು ಕೊಡುತ್ತದೆ. ಹೊಳೆಯ ನೀರನ್ನೇ ಹಾಯಿಸಿಕೊಳ್ಳುವ ಪಂಪ್‌ಸೆಟ್ಟಿಗೂ ದೋಣಿಯ ಹಳೆಯ ಎಂಜಿನ್ನಿಗೂ ಆ ಸುಳಿವಿಲ್ಲ.

ಹೆಡ್ ಗ್ಯಾಸ್ಕೆಟ್ ಸರಿಯಾಗಿತ್ತು. ಲೈನರಿನ ರಬ್ಬರ್ ಉಂಗುರ ಹರಿದಿತ್ತು. ಹಾಗೆಯೇ ಓಡಿಸಿದ್ದರೆ ಹೊಸ ಎಣ್ಣೆಯೂ ಕೆಟ್ಟು, ಬೇರಿಂಗುಗಳು ಸವೆದುಹೋಗುತ್ತಿದ್ದವು. ಎರಡು ದಿನ ಪೈರು ಬಾಡಿತು, ನಿಜ. ಆದರೆ ಎಂಜಿನ್ ಉಳಿಯಿತು. ಅದು ಉಳಿದದ್ದರಿಂದ ಪೈರೂ ಉಳಿಯಿತು.