ಮಳೆನೀರಿಗೆ ಮೊದಲ ಮಣೆ

ಮನೆ ಕಟ್ಟುವುದೆಂದರೆ ಗೋಡೆ ಎಬ್ಬಿಸುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಕಾರವಾರ, ಅಂಕೋಲೆಯ ಹಳೆಯ ಮನೆಗಳನ್ನು ನೋಡಿದರೆ ಅವನ್ನು ಕಟ್ಟಿದವರ ಲೆಕ್ಕ ಬೇರೆಯಿತ್ತೆಂದು ತಿಳಿಯುತ್ತದೆ. ಅಲ್ಲಿ ಮೊದಲು ಮಾಡು, ಗೋಡೆ ಆಮೇಲೆ. ಜೂನ್ ತಿಂಗಳಲ್ಲಿ ಒಮ್ಮೆ ಈ ಕರಾವಳಿಯಲ್ಲಿ ಇದ್ದು ಹೋದವರಿಗೆ ಕಾರಣ ಹೇಳಬೇಕಾಗಿಲ್ಲ.

ನೀವೇ ಲೆಕ್ಕ ಹಾಕಿ ನೋಡಿ. ಕಾರವಾರದ ವರ್ಷದ ಮಳೆ ಸುಮಾರು 3,000 ಮಿಲಿಮೀಟರ್. ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಯುತ್ತದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಯಿತು. 100 ಚದರ ಮೀಟರ್ ಜಾಗ ಮುಚ್ಚಿದ ಸಾಧಾರಣ ಮನೆಯ ಮಾಡು ವರ್ಷಕ್ಕೆ 3 ಲಕ್ಷ ಲೀಟರ್ ನೀರನ್ನು ಕೆಳಗಿಳಿಸಬೇಕು. ಬಳ್ಳಾರಿ ಕಡೆಯ ಮಣ್ಣಿನ ಮಾಳಿಗೆಗೆ ಬೀಳುವುದು ಇದರ ಐದಾರರಲ್ಲೊಂದು ಪಾಲು. ಆದ್ದರಿಂದ ಅಲ್ಲಿ ಮಟ್ಟಸವಾದ ಮಾಳಿಗೆಯೇ ಸರಿ. ಅದರ ಮೇಲೆ ಮೆಣಸಿನಕಾಯಿ ಒಣಗಿಸಬಹುದು, ಸೆಕೆಗಾಲದಲ್ಲಿ ಮಲಗಬಹುದು. ಕಾರವಾರದಲ್ಲಿ ಅದೇ ಮಾಳಿಗೆ ಒಂದು ಮಳೆಗಾಲವನ್ನೂ ದಾಟಲಾರದು.

ಇಲ್ಲಿಯ ಮಾಡಿಗೆ ಮೊದಲು ಹುಲ್ಲು, ತೆಂಗಿನ ಮಡಲು, ಅನುಕೂಲಸ್ಥರಿಗೆ ನಾಡಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಮಂಗಳೂರು ಹಂಚು ಕರಾವಳಿಯುದ್ದಕ್ಕೂ ಹಬ್ಬಿತು. ಹಂಚು ನೀರನ್ನು ತಡೆದು ನಿಲ್ಲಿಸುವುದಿಲ್ಲ. ಒಂದರ ಮೇಲೊಂದು ಹಲ್ಲು ಕಚ್ಚಿ ಕುಳಿತು, ಒಳಗಿಳಿಯಲು ನೀರಿಗೆ ಪುರಸೊತ್ತು ಸಿಗುವ ಮೊದಲೇ ಅದನ್ನು ಸಾಗಹಾಕುತ್ತದೆ. ಅದಕ್ಕೆ ಸುಮಾರು 30 ಡಿಗ್ರಿಯ ಇಳಿಜಾರು ಬೇಕು. ಮರ ಉಳಿಸಲು ಇಳಿಜಾರು ತಗ್ಗಿಸಿದರೆ ಪಡುವಣ ಗಾಳಿ ನೀರನ್ನು ಹಂಚಿನಡಿಗೆ ಮೇಲ್ಮುಖವಾಗಿ ನೂಕುತ್ತದೆ. ಹಂಚಿನ ಸಂದುಗಳಿಂದ ಒಳಗಿನ ಬಿಸಿಗಾಳಿ ಹೊರಹೋಗುವುದು ಬೇಸಿಗೆಯ ಲಾಭ.

ಇನ್ನು ಗೋಡೆಯ ಕೆಂಪುಕಲ್ಲು. 1800ರಲ್ಲಿ ಮಲಬಾರಿನಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ನೆಲದಲ್ಲಿರುವಾಗ ಕೊಡಲಿಯಂಥ ಹತ್ಯಾರಕ್ಕೂ ಬಗ್ಗುವಷ್ಟು ಮೆದು. ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಒಂದೇ ದೋಷ, ಮೈತುಂಬ ತೂತು, ನೀರು ಕುಡಿಯುತ್ತದೆ. ಹಳೆಯ ಮನೆಯ ಉಳಿದೆಲ್ಲ ಏರ್ಪಾಟೂ ಈ ಒಂದು ದೋಷವನ್ನು ಸಂಭಾಳಿಸುವುದಕ್ಕಾಗಿಯೇ ಇದೆ ಎಂದರೂ ನಡೆದೀತು. ನೆಲದ ತೇವ ಏರದಂತೆ ಎತ್ತರದ ಪಂಚಾಂಗ, ಅನುಕೂಲವಿದ್ದಲ್ಲಿ ಅದಕ್ಕೆ ಕಪ್ಪುಕಲ್ಲು. ಎರಚಲು ತಾಗದಂತೆ ಗೋಡೆಯಿಂದ ಬಹಳ ಮುಂದೆ ಚಾಚಿದ ಮಾಡು. ಪಡುವಣ ಗೋಡೆಗೆ ಮಳೆಗಾಲಕ್ಕೆ ಮುಂಚೆ ಮಡಲಿನ ತಟ್ಟಿ. ಜಗಲಿ ಎಲೆಯಡಿಕೆಯ ಹರಟೆಗೆಂದು ಮಾತ್ರ ಹುಟ್ಟಿದ್ದಲ್ಲ. ಅದರ ಮೇಲಿನ ಇಳಿಮಾಡು ಗೋಡೆಯ ಕೊಡೆ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರುವಿಯಸ್ ಕಟ್ಟಡಕ್ಕೆ ದೃಢತೆ, ಉಪಯುಕ್ತತೆ, ಅಂದ ಮೂರೂ ಬೇಕೆಂದು ಬರೆದ. ಈ ಜಗಲಿಯಲ್ಲಿ ಮೂರನ್ನೂ ಬೇರೆಬೇರೆಯಾಗಿ ಹುಡುಕಬೇಕಾಗಿಲ್ಲ.

ಕಾಂಕ್ರೀಟನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಒಳ್ಳೆಯ ಮರ ದುಬಾರಿಯಾಯಿತು, ಗೆದ್ದಲಿನ ಕಾಟ ಇದ್ದೇ ಇದೆ, ವರ್ಷವರ್ಷ ಹಂಚು ಕೈಯಾಡಿಸುವವರೂ ಸಿಗುವುದಿಲ್ಲ. ಕಷ್ಟ ಬರುವುದು ಬಯಲುಸೀಮೆಯ ನಕ್ಷೆಯನ್ನು ಹಾಗೆಯೇ ಕಡಲತೀರಕ್ಕೆ ತಂದಾಗ. ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಹುಡುಕಿಕೊಂಡು ಹೋಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಎರಡು ಪಟ್ಟಿಗಿಂತ ಹೆಚ್ಚು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ತೊಳೆಯದ ಕಡಲ ಮರಳು ಬಳಸಿದರಂತೂ ಕಳ್ಳನನ್ನು ಮನೆಯೊಳಗೇ ಕೂರಿಸಿದಂತೆ. ಸಲಾಕೆಯ ಸುತ್ತ ದಪ್ಪನೆಯ ಹೊದಿಕೆ ಇರಬೇಕು. ಹೊಯ್ದ ಕಾಂಕ್ರೀಟಿಗೆ ಕಡಿಮೆಯೆಂದರೂ ಒಂದು ವಾರ ನೀರುಣಿಸಬೇಕು. ಸೋರುವ ತಾರಸಿಯ ಮೇಲೆ ಈಗ ಊರೂರಲ್ಲೂ ತಗಡಿನ ಇಳಿಜಾರು ಮಾಡು ಎದ್ದಿದೆ. ಅಜ್ಜನ ಮಾಡು ಎರಡನೇ ಖರ್ಚಿನಲ್ಲಿ ಮರಳಿ ಬಂದಂತಾಯಿತು.

ಆದರೆ ಸೋರುವ ಮನೆಯನ್ನು ದುರಸ್ತಿ ಮಾಡಬಹುದು, ತಪ್ಪಿದ ಜಾಗವನ್ನಲ್ಲ. ಈ ಸೀಮೆಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ತೂತುತೂತಾದ ಕೆಂಪುಕಲ್ಲು, ಕೆಳಗೆ ನುಣುಪಾದ ಶೇಡಿಮಣ್ಣು. ಇಂಗಿದ ನೀರು ಶೇಡಿಯ ಮೇಲೆ ನಿಂತು ಮಣ್ಣಿನ ಭಾರವನ್ನೂ ಜಾರಿಕೆಯನ್ನೂ ಹೆಚ್ಚಿಸುತ್ತದೆ. ಬುಡ ಕಡಿದರೆ ತಡೆದು ಹಿಡಿದಿದ್ದ ಆಧಾರವೇ ಹೋಯಿತು. 2009ರ ಅಕ್ಟೋಬರಿನಲ್ಲಿ ಕಾರವಾರದ ಬಳಿ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಹೂತುಹೋದವು. 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿ ಅಗಲಿಸಲು ಕಡಿದಿದ್ದ ಗುಡ್ಡ ಬಿರುಮಳೆಗೆ ಜಾರಿತು. ರಸ್ತೆಬದಿಯ ಚಹಾದಂಗಡಿ, ವಾಹನಗಳು ಮಣ್ಣಿನ ಪಾಲಾದವು. ಆ ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಬೀಳಿಸಿತು. ಯಾರ ಪಂಚಾಂಗ ಎಷ್ಟು ಎತ್ತರವಿತ್ತೆಂಬುದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ನಿವೇಶನವನ್ನು ಜನ ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ ನೋಡುತ್ತಾರೆ. ಆಗ ಎಲ್ಲ ನೆಲವೂ ಗಟ್ಟಿ. ಅದೇ ಜಾಗವನ್ನು ಆಷಾಢದಲ್ಲಿ ಕೊಡೆ ಹಿಡಿದು ನೋಡಬೇಕು. ಹಿಂದಿನ ಧರೆಯ ಬುಡದಲ್ಲಿ ಹೊಸ ಒರತೆ ಎದ್ದಿದೆಯೇ, ಅದರ ನೀರು ತಿಳಿಯೋ ಕೆಂಪೋ, ಧರೆಯಂಚಿನ ಮರಗಳು ವಾಲಿವೆಯೇ, ಮೇಲೆ ನೆಲ ಬಿರಿದಿದೆಯೇ, ಹಳೆಯ ಹಳ್ಳದ ದಾರಿಯನ್ನು ಯಾರಾದರೂ ಮಣ್ಣು ತುಂಬಿ ಮುಚ್ಚಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ನಕ್ಷೆ ಬರೆಸುವ ಕೆಲಸ ಅದರ ನಂತರದ್ದು.