ಎದೆಯ ಗಡ್ಡೆ: ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಬೇಕಾದ ಮಾತು

(ತುರುವೇಕೆರೆ ತಾಲ್ಲೂಕಿನ ಹಳ್ಳಿಯೊಂದರ ಮಹಿಳಾ ಸಂಘದ ಸಭೆಯಲ್ಲಿ ರೈತ ಮಹಿಳೆಯೊಬ್ಬರು ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ನಿಮ್ಮ ಹಾಗೆ ತೋಟದವಳು. ಐದು ವರ್ಷದ ಹಿಂದೆ ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ ಹುಣಸೆಬೀಜದಷ್ಟು ಗಡ್ಡೆ ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲದ್ದು ರೋಗವೇ ಅಲ್ಲ ಎಂದುಕೊಂಡೆ. ಅಟ್ಟದ ಕೊಬ್ಬರಿ ಇಳಿಸಿ, ತಿಪಟೂರಿನ ಮಾರುಕಟ್ಟೆಗೆ ಹಾಕಿ, ಕೈಗೆ ದುಡ್ಡು ಬಂದ ಮೇಲೆ ತೋರಿಸಿದರಾಯಿತೆಂದು ನಾಲ್ಕು ತಿಂಗಳು ಕಳೆದೆ. ಅಷ್ಟರಲ್ಲಿ ಗಡ್ಡೆ ಅಡಿಕೆಯಷ್ಟಾಗಿತ್ತು. ಕೊಬ್ಬರಿ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತರೆ ಗಿಟುಕಾಗುತ್ತದೆ, ಬೆಲೆ ಬರುತ್ತದೆ. ಎದೆಯ ಗಡ್ಡೆ ಕೂತರೆ ಬೆಳೆಯುತ್ತದೆ, ಅಷ್ಟೆ. ಇದು ನಾನು ಮಾಡಿದ ಮೊದಲನೆಯ ತಪ್ಪು.

ಆಸ್ಪತ್ರೆಯಲ್ಲಿ ಮೊದಲು ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸೂಜಿ ತಾಗಿದರೆ ರೋಗ ಹರಡುತ್ತದೆ ಎಂದು ನಮ್ಮ ಕಡೆ ಹೇಳುವುದುಂಟು. ಅದು ಸುಳ್ಳು. ಯಾವ ಜಾತಿಯ ಕ್ಯಾನ್ಸರ್ ಎಂದು ತಿಳಿಯದೆ ಯಾವ ಔಷಧಿ, ಯಾವ ಶಸ್ತ್ರಚಿಕಿತ್ಸೆ ಎಂದು ಗೊತ್ತುಮಾಡಲು ಆಗುವುದಿಲ್ಲ.

ಆಮೇಲೆ ಡಾಕ್ಟರು ನನ್ನ ಮುಂದೆ ಎರಡು ದಾರಿ ಇಟ್ಟರು. ಒಂದು, ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ಸ್ತನವನ್ನು ಉಳಿಸಿ, ಆಮೇಲೆ ಕಿರಣ ಚಿಕಿತ್ಸೆ ಕೊಡುವುದು. ನಮ್ಮವರು ‘ಕರೆಂಟು ಕೊಡಿಸುವುದು’ ಎನ್ನುತ್ತಾರಲ್ಲ, ಅದೇ. ಇನ್ನೊಂದು, ಸ್ತನವನ್ನು ಪೂರ್ತಿ ತೆಗೆಯುವುದು. ಎರಡರಲ್ಲೂ ಕಂಕುಳಿನ ಗಂಟುಗಳಿಗೆ ರೋಗ ಇಳಿದಿದೆಯೇ ಎಂದು ನೋಡುತ್ತಾರೆ.

‘ಪೂರಾ ತೆಗೆದುಬಿಡಿ ಸ್ವಾಮಿ, ಬೇರುಸಹಿತ ಹೋಗಲಿ’ ಎಂದರು ನಮ್ಮ ಯಜಮಾನರು. ಅವರ ಮಾತಿನಲ್ಲಿ ಪ್ರೀತಿಯೇ ಇತ್ತು. ಆದರೆ ಡಾಕ್ಟರು ನನ್ನ ಕಡೆ ತಿರುಗಿ, ‘ನೀವೇನಂತೀರಮ್ಮ?’ ಎಂದರು. ಹೆಚ್ಚು ಕೊಯ್ದರೆ ಹೆಚ್ಚು ಆಯುಸ್ಸು ಎಂಬುದು ಎಲ್ಲರಿಗೂ ಸಲ್ಲುವ ಮಾತಲ್ಲವಂತೆ. ಅಮೆರಿಕ ಮತ್ತು ಇಟಲಿಯ ವೈದ್ಯರು 1970ರ ದಶಕದಲ್ಲಿ ಚಿಕ್ಕ ಗಡ್ಡೆಯ ಹೆಂಗಸರನ್ನು ಎರಡೂ ರೀತಿ ಚಿಕಿತ್ಸೆ ಮಾಡಿ, 20 ವರ್ಷ ಗಮನಿಸಿ, 2002ರಲ್ಲಿ ಫಲ ಪ್ರಕಟಿಸಿದರು. ಸ್ತನ ಉಳಿಸಿ ಕಿರಣ ಕೊಟ್ಟವರೂ ಪೂರ್ತಿ ತೆಗೆಸಿಕೊಂಡವರೂ ಬದುಕಿ ಉಳಿದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉಳಿಸಿದ ಸ್ತನದಲ್ಲಿ ಮತ್ತೆ ಗಡ್ಡೆ ಬರುವ ಸಂಭವ ಮಾತ್ರ ಸ್ವಲ್ಪ ಇರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ತಪಾಸಣೆ ತಪ್ಪಿಸಬಾರದು. ಗಡ್ಡೆ ದೊಡ್ಡದಾಗಿದ್ದರೆ, ಇಲ್ಲವೇ ಒಂದೇ ಸ್ತನದ ಹಲವು ಕಡೆ ಹರಡಿದ್ದರೆ, ಪೂರ್ತಿ ತೆಗೆಯುವುದೇ ಮೇಲಾಗಬಹುದು. ಮೊದಲು ಔಷಧಿ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ಸ್ತನ ಉಳಿಸುವುದೂ ಉಂಟು.

ನಾನು ಪೂರ್ತಿ ತೆಗೆಸಿಕೊಂಡೆ. ಕಾರಣ ಹೇಳುತ್ತೇನೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಕೊಟ್ಟಿಗೆಯಲ್ಲಿ ಎರಡು ಹಸು. ಕಿರಣಕ್ಕಾಗಿ ಮೂರು ವಾರ ಬೆಂಗಳೂರಿನಲ್ಲಿ ನಿಲ್ಲುವುದು ಹೇಗೆ? ಪೂರ್ತಿ ತೆಗೆದರೆ ಅದು ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ಆದರೆ ಕಂಕುಳಿನ ಗಂಟುಗಳಲ್ಲಿ ರೋಗ ಸಿಕ್ಕಿತು, ಕಿರಣ ಕೊಡಲೇಬೇಕಾಯಿತು. ‘ತೆಗೆದ ಮೇಲೂ ಬೇಕಾಗಬಹುದು’ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆ ‘ಬಹುದು’ ನನ್ನ ಕಿವಿಗೆ ಬಿದ್ದಿರಲಿಲ್ಲ. ಹಸು ನೋಡಿಕೊಂಡವಳು ಪಕ್ಕದ ಮನೆಯ ತಂಗಿ. ಮೊದಲೇ ಕೇಳಿದ್ದರೆ ಆಗಲೂ ಅವಳು ಒಲ್ಲೆನೆನ್ನುತ್ತಿರಲಿಲ್ಲ. ಜೀವ ಉಳಿದಿದೆ, ನನಗೆ ದುಃಖವಿಲ್ಲ. ಆದರೆ ದೇಹದ ವಿಷಯವನ್ನು ಹಸುವಿನ ಲೆಕ್ಕದಲ್ಲಿ ತೀರ್ಮಾನಿಸಿದೆನಲ್ಲ, ಅದನ್ನು ನೀವು ಮಾಡಬೇಡಿ.

ಇನ್ನು ಸ್ತನವನ್ನು ಮತ್ತೆ ಕಟ್ಟುವ ಮಾತು. ಹೊಟ್ಟೆಯ ಅಥವಾ ಬೆನ್ನಿನ ಮಾಂಸ, ಚರ್ಮ ತೆಗೆದು ಕಟ್ಟುತ್ತಾರೆ. ಇಲ್ಲವೇ ಸಿಲಿಕೋನಿನ ಚೀಲ ಇಡುತ್ತಾರೆ. ಅದೇ ದಿನವೂ ಮಾಡಬಹುದು, ಚಿಕಿತ್ಸೆಯೆಲ್ಲ ಮುಗಿದು ತಿಂಗಳು, ವರ್ಷ ಕಳೆದ ಮೇಲೂ ಮಾಡಬಹುದು. ಕಿರಣ ಕೊಡುವುದಿದ್ದರೆ ಚೀಲಕ್ಕೆ ತೊಂದರೆ ಬರುವುದು ಹೆಚ್ಚು. ಬೆನ್ನಿನ ಮಾಂಸ ತೆಗೆದರೆ ಹುಲ್ಲಿನ ಹೊರೆ ಹೊರುವ ಭುಜಕ್ಕೆ ಏನಾದೀತು ಎಂದು ಮೊದಲೇ ವಿಚಾರಿಸಿಕೊಳ್ಳಿ. ನಾನು ಕಟ್ಟಿಸಿಕೊಳ್ಳಲಿಲ್ಲ, ರವಿಕೆಯೊಳಗೆ ಹತ್ತಿಯ ಮೆತ್ತೆ ಇಟ್ಟುಕೊಳ್ಳುತ್ತೇನೆ. ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆಯ ಹುಡುಗಿಗೆ ಆಸೆಯಿತ್ತು. ಅವಳ ಅತ್ತೆ ‘ಇದೆಂಥ ಶೋಕಿ’ ಎಂದರು. ಕೈ ಮುರಿದವನು ಕೈ ನೇರವಾಗಲಿ ಎಂದರೆ ಶೋಕಿಯೇ? ಬೇಕೆನ್ನುವುದೂ ಅವಳ ಹಕ್ಕು, ಬೇಡವೆನ್ನುವುದೂ ಅವಳ ಹಕ್ಕು.

ಕಂಕುಳಿನ ಗಂಟು ತೆಗೆದವರಿಗೆ ಆ ಕೈ ಊದಿಕೊಳ್ಳುವ ಭಯವಿದೆ. ಹೇಳಿಕೊಟ್ಟ ವ್ಯಾಯಾಮ ಬಿಡಬಾರದು. ಗರಿ ಸೀಳುವಾಗ, ಕೊಬ್ಬರಿ ಸುಲಿಯುವಾಗ ಆ ಕೈಗೆ ಗಾಯವಾಗದಂತೆ ನೋಡಿಕೊಳ್ಳಬೇಕು. ಆದರೂ ಗಾಯವಾಗಿ ಕೆಂಪಗಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹಣದ ಮಾತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಇದೆ. ತಿಪಟೂರಿನಿಂದ ಬೆಂಗಳೂರಿಗೆ ರೈಲಿದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಚೀಟಿ ಬರೆಸಿಕೊಳ್ಳಿ. ಯಾವ ಚಿಕಿತ್ಸೆ ಯೋಜನೆಗೆ ಸೇರಿದೆ, ಯಾವುದು ಸೇರಿಲ್ಲ ಎಂದು ಮುಂಚೆಯೇ ಕೇಳಿಕೊಳ್ಳಿ. ಕೊಬ್ಬರಿಯ ಬೆಲೆಗೆ ಕಾಯಬೇಡಿ.

ಓದಬಲ್ಲವರು ಲೇಖಕಿ ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’ ತರಿಸಿ ಓದಿ. ತಮಗೆ ಬಂದ ಸ್ತನ ಕ್ಯಾನ್ಸರಿನ ಅನುಭವವನ್ನು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಕಡೆಗೆ, ಡಾಕ್ಟರ ಮುಂದೆ ಕೂತಾಗ ಐದು ಪ್ರಶ್ನೆ ಕೇಳಿ. ನನಗೆ ಎರಡೂ ದಾರಿ ಇದೆಯೇ? ಪೂರ್ತಿ ತೆಗೆದ ಮೇಲೂ ಕಿರಣ ಬೇಕಾದೀತೇ? ಗಂಟು ಎಷ್ಟು ತೆಗೆಯುತ್ತೀರಿ? ಮತ್ತೆ ಕಟ್ಟುವುದಾದರೆ ಯಾವಾಗ, ಹೇಗೆ? ತೋಟದ ಕೆಲಸಕ್ಕೆ ಎಂದು ಮರಳಬಹುದು? ಉತ್ತರವನ್ನು ಮಕ್ಕಳ ಕೈಲಿ ಬರೆಸಿಕೊಳ್ಳಿ. ಆತುರದಲ್ಲಿ ಅಲ್ಲೇ ಒಪ್ಪಬೇಕಾಗಿಲ್ಲ. ನಾಲ್ಕು ದಿನ ಯೋಚಿಸಲು ಸಮಯವಿರುತ್ತದೆ. ನಾಲ್ಕು ತಿಂಗಳಲ್ಲ, ನಾಲ್ಕು ದಿನ.

ಅಣ್ಣಂದಿರೇ, ನೀವು ಜೊತೆಗೆ ಹೋಗಿ, ಪಕ್ಕದಲ್ಲಿ ಕೂತಿರಿ. ಉತ್ತರವನ್ನು ಮಾತ್ರ ಅವಳೇ ಹೇಳಲಿ.